ಹದಗೆಟ್ಟ ರಸ್ತೆಯ ದೂರ ಪಯಣಕ್ಕೆ ಮೋಟಾರ್‌ಹೋಮ್ ಆರಿಸುವುದು: ಕೆಳಗಿನಿಂದ ಮೇಲಕ್ಕೆ ನೋಡುವ ಕ್ರಮ

ಯುರೋಪಿನಲ್ಲಿ ಸೆಕೆಂಡ್ ಹ್ಯಾಂಡ್ ಮೋಟಾರ್‌ಹೋಮ್ ಕೊಂಡು ಮೊರಾಕೊ, ಜಾರ್ಜಿಯಾ, ಮಧ್ಯ ಏಷ್ಯಾ ಎಂದು ಹೊರಟವರು ಅರ್ಧ ದಾರಿಯಲ್ಲಿ ಕೈಸುಟ್ಟುಕೊಳ್ಳುವುದು ಬಹುಪಾಲು ಒಂದೇ ಕಾರಣಕ್ಕೆ. ಅವರು ಗಾಡಿಯನ್ನು ಒಳಗಿನಿಂದ ನೋಡಲು ಶುರು ಮಾಡಿರುತ್ತಾರೆ. ಹಾಸಿಗೆ ಅಗಲವಾಗಿದೆ, ಅಡುಗೆ ಕಟ್ಟೆ ಚೆನ್ನಾಗಿದೆ, ಬಚ್ಚಲಲ್ಲಿ ನಿಂತು ಸ್ನಾನ ಮಾಡಬಹುದು ಎಂದು ಮುಂಗಡ ಕೊಡುತ್ತಾರೆ. ತೂಕ, ಚಾಸಿ, ಟೈರು ಆಮೇಲೆ ನೆನಪಾಗುತ್ತವೆ.

ಈ ಮಾರ್ಗದರ್ಶಿಯ ಕ್ರಮ ಅದಕ್ಕೆ ತದ್ವಿರುದ್ಧ: ದಾರಿ, ತೂಕ, ಚಾಸಿ, ಎಂಜಿನ್, ಬಾಡಿ, ಕಟ್ಟಕಡೆಗೆ ಒಳಾಂಗಣ. ಒಂದು ಹಂತದಲ್ಲಿ ಬಿದ್ದ ಗಾಡಿಯನ್ನು ಮುಂದಿನ ಹಂತಕ್ಕೆ ಒಯ್ಯಬೇಡಿ, ಸೋಫಾ ಎಷ್ಟೇ ಮೆತ್ತಗಿರಲಿ. ಉದಾಹರಣೆಗಳು ಹೆಚ್ಚಾಗಿ ಜರ್ಮನಿಯ ಮಾರುಕಟ್ಟೆಯವು. ಆಯ್ಕೆ ಅಲ್ಲಿ ಹೆಚ್ಚು, ಅಲ್ಲಿ ನೆಲೆಸಿರುವ ಕನ್ನಡಿಗರೂ ಬಹಳ.

## ಹಂತ 1: ದಾರಿಯನ್ನು ಕಾಗದದ ಮೇಲೆ ಇಳಿಸಿ

ದೇಶಗಳ ಹೆಸರು ಬರೆದರೆ ಸಾಲದು. ಯಾವ ಬಗೆಯ ರಸ್ತೆ ಎಷ್ಟು ಕಿಲೋಮೀಟರ್ ಎಂದು ಮೂರು ಕಾಲಂ ಮಾಡಿ.

1. ಹಾಳಾದ ಡಾಂಬರು. ಗುಂಡಿ, ಕಿತ್ತುಹೋದ ಅಂಚು, ನಡುನಡುವೆ ಕಾಮಗಾರಿ. ಇಲ್ಲಿ ಸಾಮಾನ್ಯ ಮೋಟಾರ್‌ಹೋಮ್ ಸಾಕು, ತಾಳ್ಮೆ ಬೇಕು.
2. ಜಲ್ಲಿ ಮತ್ತು ಅಲೆ ರಸ್ತೆ. ಸಿಮೆಂಟ್ ಶೀಟಿನ ಚಾವಣಿಯ ಮೇಲೆ ಓಡಿಸಿದ ಹಾಗೆ ಗಡಗಡ ಎನ್ನುವ ಮಣ್ಣುದಾರಿ. ತಜಿಕಿಸ್ತಾನದ ಪಾಮಿರ್ ಹೆದ್ದಾರಿಯ ಹಲವು ಭಾಗ, ಚಿಲಿಯ ಕರೆತೆರಾ ಆಸ್ಟ್ರಲ್‌ನ ದಕ್ಷಿಣ ಭಾಗ, ಕೆನಡಾದ ಡೆಂಪ್‌ಸ್ಟರ್ ಹೆದ್ದಾರಿ ಈ ಗುಂಪಿನವು. ಮೋಟಾರ್‌ಹೋಮ್‌ಗಳು ಬಿಚ್ಚಿಹೋಗುವುದು ಇಂಥ ರಸ್ತೆಗಳಲ್ಲೇ.
3. ಮರಳು, ಆಳದ ಕೆಸರು, ಹೊಳೆ ದಾಟು. ಸಹಾರಾ ಅಂಚಿನ ಪಿಸ್ಟ್ ಎಂಬ ಮಣ್ಣುದಾರಿಗಳು, ಮಂಗೋಲಿಯಾದ ಹುಲ್ಲುಗಾವಲು, ಐಸ್‌ಲ್ಯಾಂಡಿನ ಎಫ್ ಅಕ್ಷರದ ರಸ್ತೆಗಳು. ಐಸ್‌ಲ್ಯಾಂಡಿನ ಆ ರಸ್ತೆಗಳಿಗೆ ನಾಲ್ಕೂ ಚಕ್ರ ಓಡುವ ಗಾಡಿಯೇ ಬೇಕೆಂಬ ನಿಯಮವಿದೆ.

ಮೂರನೆಯ ಕಾಲಂ ಒಟ್ಟು ದಾರಿಯ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲದಿದ್ದರೆ ಅದನ್ನು ಹೊಡೆದುಹಾಕಿ. ಎರಡು ದಿನದ ಮರಳಿಗಾಗಿ ಎರಡು ವರ್ಷ ಭಾರದ, ದುಬಾರಿ ಗಾಡಿ ಸಾಕುವುದು ಜಾಣತನವಲ್ಲ. ಮೊರಾಕೊದ ಮೆರ್ಝೂಗಾದಲ್ಲಿ ಮರಳ ದಿಬ್ಬ ನೋಡಬೇಕಾದರೆ ಊರಿನಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಯವರ ಜೀಪು ಹಿಡಿಯಿರಿ.

ಇದೇ ಕಾಗದದಲ್ಲಿ ಇನ್ನೂ ನಾಲ್ಕು ಅಂಕಿ ಬೇಕು: ದಾರಿಯ ಅತಿ ಎತ್ತರದ ಜಾಗ (ಪಾಮಿರ್‌ನ ಅಕ್-ಬೈತಾಲ್ ಕಣಿವೆದಾರಿ 4655 ಮೀಟರ್), ಅತಿ ತಣ್ಣನೆಯ ರಾತ್ರಿಯ ಉಷ್ಣಾಂಶ, ಎರಡು ಬಂಕ್‌ಗಳ ನಡುವಿನ ಅತಿ ಉದ್ದದ ಅಂತರ, ಮತ್ತು ಹಡಗಿನಲ್ಲಿ ಸಾಗಿಸಬೇಕೇ ಎಂಬುದು. ಪನಾಮಾ ಮತ್ತು ಕೊಲಂಬಿಯಾ ನಡುವೆ ರಸ್ತೆಯೇ ಇಲ್ಲ. ಎರಡೂ ಅಮೆರಿಕ ಸುತ್ತುವವರಿಗೆ ಹಡಗು ತಪ್ಪಿದ್ದಲ್ಲ. 40 ಅಡಿಯ ಹೈ ಕ್ಯೂಬ್ ಕಂಟೇನರ್ ಬಾಗಿಲಿನ ಎತ್ತರ ಸುಮಾರು 2.58 ಮೀಟರ್, ಅಗಲ 2.34 ಮೀಟರ್. ಸಾಮಾನ್ಯ ಎತ್ತರದ ಫಿಯಟ್ ಡುಕಾಟೊ ಪ್ಯಾನೆಲ್ ವ್ಯಾನ್ (ಉಕ್ಕಿನ ಮುಚ್ಚಿದ ವ್ಯಾನ್) ಸುಮಾರು 2.52 ಮೀಟರ್ ಇದ್ದು ಒಳಗೆ ಹೋಗುತ್ತದೆ. ಚಾವಣಿಯ ಮೇಲೊಂದು ಫ್ಯಾನ್ ಕೂರಿಸಿದರೆ ಹೋಗುವುದಿಲ್ಲ. ಎತ್ತರದ ಬಾಡಿಯ ಗಾಡಿಗೆ, ನೇರ ಓಡಿಸಿ ಹತ್ತಿಸುವ ರೋರೋ ಹಡಗೇ ಗತಿ.

ಭಾರತದ ಪಾಸ್‌ಪೋರ್ಟ್ ಇದ್ದವರು ವೀಸಾ ದಿನಗಳನ್ನೂ ಇಲ್ಲೇ ಬರೆದುಕೊಳ್ಳಿ. ಕಝಾಕಿಸ್ತಾನ ವೀಸಾ ಇಲ್ಲದೆ ಬಿಡುವುದು ಒಂದು ಸಲಕ್ಕೆ 14 ದಿನ. ಪಶ್ಚಿಮದ ಗಡಿಯಿಂದ ಅಲ್ಮಾಟಿಗೆ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಒಂದು ಬಿಡಿಭಾಗಕ್ಕೆ ವಾರ ಕಾಯಬೇಕಾಗಿ ಬಂದರೆ ಗಾಡಿ ಕೆಟ್ಟಿರುವಾಗಲೇ ಆ ದಿನಗಳೂ ಮುಗಿಯುತ್ತವೆ. ಹಾಗಾಗಿ ರಿಪೇರಿ ಸುಲಭವಾಗಿ ಆಗುವ ಗಾಡಿ ಎಂಬುದು ಇಂಥವರಿಗೆ ಕಡ್ಡಾಯ ಷರತ್ತು.

## ಹಂತ 2: ತೂಕದ ಲೆಕ್ಕ

ಅತಿ ಹೆಚ್ಚು ಜನ ಸೋಲುವ ಹಂತ ಇದು. ನಿಧಾನವಾಗಿ ಓದಿ.

ಯುರೋಪಿನ ಬಿ ಲೈಸೆನ್ಸ್‌ನಲ್ಲಿ (ಕಾರಿನ ಲೈಸೆನ್ಸ್) ಓಡಿಸಬಹುದಾದದ್ದು 3500 ಕಿಲೋವರೆಗಿನ ಒಟ್ಟು ತೂಕದ ಗಾಡಿ. ಅದಕ್ಕೆಂದೇ ಮಾರುಕಟ್ಟೆಯ ಬಹುಪಾಲು ಮೋಟಾರ್‌ಹೋಮ್‌ಗಳ ಆರ್‌ಸಿಯಲ್ಲಿ 3500 ಎಂದೇ ಇರುತ್ತದೆ, ಗಾಡಿ ಏಳೂವರೆ ಮೀಟರ್ ಉದ್ದವಿದ್ದರೂ ಸಹ. ಕಾಗದದಲ್ಲಿ ಬರೆದಿರುವ 'ಓಡುವ ಸ್ಥಿತಿಯ ತೂಕ'ದಲ್ಲಿ 75 ಕಿಲೋದ ಒಬ್ಬ ಚಾಲಕ, ಟ್ಯಾಂಕಿನ ಶೇ. 90 ಡೀಸೆಲ್, ಸ್ವಲ್ಪ ಗ್ಯಾಸ್, ಸ್ವಲ್ಪ ನೀರು ಸೇರಿರುತ್ತವೆ. ಹೆಚ್ಚುವರಿಯಾಗಿ ಕೂರಿಸಿದ ಸಾಮಾನು ಸೇರಿರುವುದಿಲ್ಲ. ನೀರಿನ ಲೆಕ್ಕದಲ್ಲೂ ಚಮತ್ಕಾರವಿದೆ: 100 ಲೀಟರ್ ಟ್ಯಾಂಕ್ ಇದ್ದರೂ 'ಪ್ರಯಾಣದ ಮಟ್ಟ' ಎಂದು 20 ಲೀಟರನ್ನಷ್ಟೇ ಎಣಿಸಿರುವ ಗಾಡಿಗಳಿವೆ.

ಏಳು ಮೀಟರಿನ ಒಂದು ಗಾಡಿ, ಓಡುವ ಸ್ಥಿತಿಯ ತೂಕ 3050 ಕಿಲೋ ಎಂದಿಟ್ಟುಕೊಳ್ಳಿ. ಉಳಿಯುವುದು 450. ಇಬ್ಬರ ದೂರ ಪಯಣಕ್ಕೆ ಅದರಲ್ಲಿ ಹೀಗೆ ಕಳೆಯುತ್ತ ಹೋಗಿ:

- ಮೊದಲೇ ಕೂರಿಸಿರುವ ಸಾಮಾನು (ನೆರಳಿನ ಪರದೆ 35, ಎರಡನೇ ಬ್ಯಾಟರಿ 25, ಸೋಲಾರ್ 15, ಎಳೆಯುವ ಕೊಕ್ಕೆ 40): 115
- ಇನ್ನೊಬ್ಬರು: 70
- ಟ್ಯಾಂಕಿನ ಉಳಿದ 80 ಲೀಟರ್ ನೀರು: 80
- ಬಟ್ಟೆ, ದಿನಸಿ, ಪಾತ್ರೆ, ಹಾಸಿಗೆ: 120
- ಹತ್ಯಾರು, ಜ್ಯಾಕ್, ಮರಳಿನ ಹಲಗೆ, ಎಳೆಯುವ ಬೆಲ್ಟು: 60
- ಸ್ಟೆಪ್ನಿ (ಹೆಚ್ಚಿನ ಮೋಟಾರ್‌ಹೋಮ್‌ಗಳಲ್ಲಿ ಇರುವುದೇ ಇಲ್ಲ, ಪಂಕ್ಚರ್ ಡಬ್ಬಿ ಕೊಟ್ಟಿರುತ್ತಾರೆ): 35
- 20 ಲೀಟರಿನ ಎರಡು ಡೀಸೆಲ್ ಕ್ಯಾನು: 42
- ಕುರ್ಚಿ, ಮೇಜು: 20

ಮೊತ್ತ 542. ಸೈಕಲ್ ಏರಿಸುವ ಮೊದಲೇ 92 ಕಿಲೋ ಹೆಚ್ಚಾಯಿತು. ಸಾಲದ್ದಕ್ಕೆ ತಯಾರಕರು ಹೇಳುವ ತೂಕದಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. 3050ಕ್ಕೆ ಅದು 150 ಕಿಲೋ ದಾಟುತ್ತದೆ. ಆದ್ದರಿಂದ ಕಾಗದ ನಂಬಬೇಡಿ, ವೇಬ್ರಿಡ್ಜ್ ಚೀಟಿಯನ್ನು ನಂಬಿ.

ಇಷ್ಟರಿಂದ ಏನಾಗುತ್ತದೆ? ಡಾಂಬರಿನ ಮೇಲೆ ಓಡಿಸುವಷ್ಟು ದಿನ ಏನೂ ಆಗಿಲ್ಲವೆಂದೇ ಅನ್ನಿಸುತ್ತದೆ. ಜಲ್ಲಿಗೆ ಇಳಿದಾಗ ಹಿಂದಿನ ಕಮಾನ್‌ಪಟ್ಟಿ ಚಪ್ಪಟೆಯಾಗಿ ತಡೆರಬ್ಬರಿಗೆ ಬಡಿಯುತ್ತದೆ, ಪ್ರತಿ ಗುಂಡಿಯ ಏಟು ನೇರ ಚಾಸಿಗೆ, ಅಲ್ಲಿಂದ ಬಾಡಿಗೆ ಹೋಗುತ್ತದೆ. ಟೈರು ಬಿಸಿಯಾಗಿ ಪಕ್ಕದ ಗೋಡೆಯಲ್ಲಿ ಒಡೆಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಸೋಲುತ್ತದೆ.

### ಆಕ್ಸಲ್ ತೂಕ ಬೇರೆಯಾಗಿ ನೋಡಿ

ಒಟ್ಟು ತೂಕ ಸರಿಯಿದ್ದರೂ ಹಿಂದಿನ ಆಕ್ಸಲ್ ಮೀರಿರಬಹುದು. ಹಿಂದಿನ ಚಕ್ರಕ್ಕಿಂತ ಆಚೆಗಿಟ್ಟ ಭಾರ ಏತದ ಕೋಲಿನಂತೆ ಕೆಲಸ ಮಾಡುತ್ತದೆ. ಚಕ್ರಗಳ ನಡುವೆ 4 ಮೀಟರ್ ಇದ್ದು, ಹಿಂದಿನ ಚಕ್ರದಿಂದ 2.5 ಮೀಟರ್ ಆಚೆ 60 ಕಿಲೋದ ಸೈಕಲ್ ಸ್ಟ್ಯಾಂಡ್ ತೂಗಿಸಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 60 ಅಲ್ಲ, 97.5 ಕಿಲೋ. ಆ ಹೆಚ್ಚಿನ 37.5 ಬರುವುದು ಮುಂದಿನ ಆಕ್ಸಲ್‌ನಿಂದ, ಅಂದರೆ ಮುಂದಿನ ಚಕ್ರ ಅಷ್ಟು ಹಗುರಾಗುತ್ತದೆ. ಮುಂದಿನ ಚಕ್ರವೇ ಎಳೆಯುವ ಗಾಡಿಗೆ ಇದು ಎರಡು ಕಡೆ ಪೆಟ್ಟು.

ನಿಮ್ಮ ಪಟ್ಟಿ 3500 ದಾಟಿದರೆ ದಾರಿ ಎರಡೇ: ಚಿಕ್ಕ ಗಾಡಿ ನೋಡಿ, ಇಲ್ಲವೇ ಸಿ1 ಲೈಸೆನ್ಸ್ ಮಾಡಿಸಿ 7500 ಕಿಲೋವರೆಗಿನದಕ್ಕೆ ಹೋಗಿ. ಎರಡನೆಯದರಲ್ಲಿ ಜರ್ಮನಿಯ ಮೋಟಾರು ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿ, ಆಸ್ಟ್ರಿಯಾದಲ್ಲಿ ರಸ್ತೆ ಸುಂಕ ಎಣಿಸುವ ಬೇರೆ ಪೆಟ್ಟಿಗೆ, ಆರು ವರ್ಷ ದಾಟಿದ ಗಾಡಿಗೆ ಪ್ರತಿವರ್ಷ ತಪಾಸಣೆ. ಇದೆಲ್ಲ ಕಿರಿಕಿರಿಯೇ, ಆದರೆ ಕಮಾನ್‌ಪಟ್ಟಿ ಮುರಿದುಕೊಂಡು ಪಾಮಿರ್ ಹೆದ್ದಾರಿಯ ಮುರ್ಗಾಬಿನಲ್ಲಿ ಕೂರುವುದಕ್ಕಿಂತ ಅಗ್ಗ. ಭಾರತದ ಲೈಸೆನ್ಸ್ ಜರ್ಮನಿಯಲ್ಲಿ ನೆಲೆಸಿದ ಮೊದಲ ಆರು ತಿಂಗಳಿಗಷ್ಟೇ ನಡೆಯುತ್ತದೆ ಎಂಬುದೂ ಗಮನದಲ್ಲಿರಲಿ.

## ಹಂತ 3: ಚಾಸಿ, ಓಡುವ ಚಕ್ರ, ಟೈರು

ಮಾರುಕಟ್ಟೆ ತುಂಬ ಇರುವುದು ಡುಕಾಟೊ ಮತ್ತು ಅದರ ಅವಳಿಗಳಾದ ಪ್ಯೂಜೊ ಬಾಕ್ಸರ್, ಸಿಟ್ರೊಯೆನ್ ಜಂಪರ್. ಎಲ್ಲ ಮುಂದಿನ ಚಕ್ರ ಎಳೆಯುವವು. ಅಗ್ಗ, ಹಗುರ, ಒಳಗೆ ಜಾಗ ಹೆಚ್ಚು. ಸಡಿಲ ಜಲ್ಲಿಯ ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಸುಮ್ಮನೆ ಸುತ್ತುವುದು ಇವುಗಳ ದೋಷ. ಮೊದಲ ಕಾಲಂ ದಾರಿಗೆ ಇವು ಧಾರಾಳ ಸಾಕು.

ಎರಡನೆಯ ಕಾಲಂ ಹೆಚ್ಚಿದ್ದರೆ ಹಿಂದಿನ ಚಕ್ರ ತಳ್ಳುವ ಗಾಡಿ ನೋಡಿ: ಮರ್ಸಿಡಿಸ್ ಸ್ಪ್ರಿಂಟರ್, ಐವೆಕೊ ಡೈಲಿ. ಡೈಲಿಯದು ಲಾರಿಯಂಥ ಏಣಿ ಚೌಕಟ್ಟಿನ ಚಾಸಿ. ಹಿಂದಿನ ಡಿಫರೆನ್ಷಿಯಲ್ ಲಾಕ್ (ಎರಡೂ ಹಿಂಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ವ್ಯವಸ್ಥೆ) ಇರುವುದು ಸಿಕ್ಕಿದರೆ ಬಿಡಬೇಡಿ. ಒಳ್ಳೆಯ ಟೈರು ಮತ್ತು ಲಾಕ್ ಇರುವ ಹಿಂಚಕ್ರದ ಗಾಡಿ ಬಹಳ ಜನ ಎಣಿಸಿರುವುದಕ್ಕಿಂತ ದೂರ ಹೋಗುತ್ತದೆ. ಸ್ಪ್ರಿಂಟರ್ ಎಂದ ಮಾತ್ರಕ್ಕೆ ಹಿಂಚಕ್ರ ಎಂದುಕೊಳ್ಳಬೇಡಿ. 2018ರ ನಂತರದ ಪೀಳಿಗೆಯಲ್ಲಿ ಮುಂದಿನ ಚಕ್ರ ಓಡುವುದೂ ಇದೆ. ನಾಲ್ಕೂ ಚಕ್ರ ಓಡುವ ಗಾಡಿ ನೂರು ಕಿಲೋಗೂ ಹೆಚ್ಚು ಭಾರ ಸೇರಿಸುತ್ತದೆ. ಹಂತ 2ರ ಲೆಕ್ಕಕ್ಕೆ ಮತ್ತೆ ಹೋಗಿ ಬನ್ನಿ.

ಯಾವ ಕಂಪನಿ ಎಂಬ ಗೊಂದಲಕ್ಕೆ ಒಂದು ಸುಲಭ ಪರೀಕ್ಷೆ: ಹೋಗುವ ದೇಶದ ಬಸ್ ನಿಲ್ದಾಣದ ಚಿತ್ರ ನೋಡಿ. ನಮ್ಮಲ್ಲಿ ಟೆಂಪೊ ಟ್ರಾವೆಲರ್ ರಿಪೇರಿ ಮಾಡುವ ಮೆಕ್ಯಾನಿಕ್ ಪ್ರತಿ ತಾಲ್ಲೂಕಿನಲ್ಲೂ ಸಿಗುವ ಹಾಗೆ, ಕಿರ್ಗಿಝ್‌ಸ್ತಾನದಲ್ಲಿ ಹಳೆಯ ಸ್ಪ್ರಿಂಟರ್ ಮಿನಿಬಸ್‌ಗಳ ಕೈಪಳಗಿದವರು ಸಿಗುತ್ತಾರೆ. ಅಲ್ಲಿನ ಜನ ಯಾವುದರಲ್ಲಿ ಓಡಾಡುತ್ತಾರೋ ಅದರ ಬಿಡಿಭಾಗ ಅಲ್ಲಿರುತ್ತದೆ.

ಬಾಲದ ಉದ್ದ. ಹಿಂದಿನ ಚಕ್ರದ ಆಚೆ ಬಾಡಿ ಎಷ್ಟು ಚಾಚಿದೆ ಎಂದು ಟೇಪು ಹಿಡಿದು ಅಳೆಯಿರಿ. ತಳ ನೆಲದಿಂದ 45 ಸೆಂ.ಮೀ. ಇದ್ದು ಬಾಲ 2 ಮೀಟರ್ ಇದ್ದರೆ ನೆಲಕ್ಕೆ ತಾಗದೆ ಏರಬಹುದಾದ ಕೋನ ಸುಮಾರು 13 ಡಿಗ್ರಿ, ಬಾಲ 1.2 ಮೀಟರ್ ಇದ್ದರೆ 20 ದಾಟುತ್ತದೆ. ಮೊದಲನೆಯದು ಹಡಗಿನ ಇಳಿಜಾರು ಹಲಗೆ ಹತ್ತುವಾಗಲೇ ಕೆರೆಯುತ್ತದೆ. ಅಲ್ಲೇ ಕೆಳಗೆ ಕೊಳಕು ನೀರಿನ ಕೊಳವೆ, ವಾಲ್ವು ತೂಗುತ್ತಿದ್ದರೆ ಮೊದಲ ಕಲ್ಲಿಗೇ ಹೋಯಿತು. ಹಿಂಭಾಗದಲ್ಲಿ ಸ್ಕೂಟರ್ ನಿಲ್ಲಿಸುವಷ್ಟು ದೊಡ್ಡ ಗ್ಯಾರೇಜ್ ಇರುವ ಗಾಡಿಗಳಲ್ಲಿ ಬಾಲ ಉದ್ದವಾಗಿರುವುದು ಸಾಮಾನ್ಯ.

ತಗ್ಗಿಸಿದ ಚಾಸಿ. ಡುಕಾಟೊ ಮುಂಭಾಗಕ್ಕೆ ಆಲ್-ಕೊ ಚೌಕಟ್ಟು ಜೋಡಿಸಿದ ಗಾಡಿಗಳು ಡಾಂಬರಿನ ಮೇಲೆ ಬಹಳ ಸೊಗಸಾಗಿ ಓಡುತ್ತವೆ. ಆದರೆ ಚೌಕಟ್ಟು ತಗ್ಗು, ತಿರುಚು ಆಕ್ಸಲ್‌ನ ರಿಪೇರಿ ಹಳ್ಳಿಯ ಮೆಕ್ಯಾನಿಕ್ ಕೈಗೆ ಸಿಗುವಂಥದಲ್ಲ. ಕಮಾನ್‌ಪಟ್ಟಿಯಾದರೆ ಯಾವ ಲಾರಿ ಗ್ಯಾರೇಜಿನಲ್ಲೂ ಒಂದು ಪಟ್ಟಿ ಬಡಿದು ಸೇರಿಸಿಕೊಡುತ್ತಾರೆ.

ಟೈರು. ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದರೆ 2019ರ 23ನೇ ವಾರ. ಮೋಟಾರ್‌ಹೋಮ್ ಹೆಚ್ಚು ಕಾಲ ನಿಂತೇ ಇರುವುದರಿಂದ ಗೆರೆ ಸವೆಯದಿದ್ದರೂ ರಬ್ಬರು ಸತ್ತಿರುತ್ತದೆ. ಆರು ವರ್ಷ ದಾಟಿದ್ದರೆ ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಇಳಿಸಿ. ಜಲ್ಲಿಗೆ ಪಕ್ಕದ ಗೋಡೆ ಗಟ್ಟಿಯಿರುವ ಆಲ್-ಟೆರೇನ್ ಟೈರು ಬೇಕು, ಒಂದು ಆಕ್ಸಲ್ಲಿನ ಟೈರುಗಳು ಒಟ್ಟಾಗಿ ಹೊರಬಲ್ಲ ಭಾರ ಆ ಆಕ್ಸಲ್ ಮಿತಿಗಿಂತ ಕಡಿಮೆ ಇರಕೂಡದು. ಜೊತೆಗೆ ಒಳ್ಳೆಯ ಗಾಳಿ ಪಂಪು: ಅಲೆ ರಸ್ತೆಯಲ್ಲಿ ಗಾಳಿಯನ್ನು ಕಾಲು ಭಾಗ ಇಳಿಸಿ ವೇಗ 50ರ ಕೆಳಗೆ ಇಟ್ಟರೆ ಗಾಡಿಗೂ ಹಲ್ಲಿಗೂ ಒಳ್ಳೆಯದು, ಡಾಂಬರು ಸಿಕ್ಕ ತಕ್ಷಣ ಮತ್ತೆ ತುಂಬಬೇಕು. ತುಂಬದೆ ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯುತ್ತದೆ. ಹಿಂದೆ ಜೋಡಿ ಚಕ್ರದ ಗಾಡಿಯಾದರೆ ಎರಡರ ನಡುವೆ ಕಲ್ಲು ಸಿಕ್ಕಿದೆಯೇ ಎಂದು ಪ್ರತಿ ನಿಲುಗಡೆಯಲ್ಲೂ ಬಗ್ಗಿ ನೋಡುವ ರೂಢಿ ಮಾಡಿಕೊಳ್ಳಿ.

## ಹಂತ 4: ಎಂಜಿನ್ ಮತ್ತು ಅಲ್ಲಿ ಸಿಗುವ ಡೀಸೆಲ್

ಯುರೋಪಿನ ಹೊಗೆ ನಿಯಮದ ಹೊಸ ಹಂತವಾದ ಯೂರೊ 6 ಎಂಜಿನ್‌ಗಳು ಹತ್ತು ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು) ಗಂಧಕದ ಡೀಸೆಲ್ಲಿಗೆಂದು ಮಾಡಿದವು. ಗಂಧಕ ಹೆಚ್ಚಿರುವ ಡೀಸೆಲ್ ಹುಯ್ದರೆ ಮಸಿ ಹಿಡಿಯುವ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಅದನ್ನು ಸುಟ್ಟು ಶುಚಿಮಾಡುವ ಚಕ್ರ ಪದೇಪದೇ ಬರುತ್ತದೆ, ಕೊನೆಗೆ ಎಂಜಿನ್ ಶಕ್ತಿ ಕಡಿಮೆ ಮಾಡಿಕೊಂಡು ತೆವಳುತ್ತದೆ. ಆಡ್‌ಬ್ಲೂ ಕಥೆ ಇನ್ನೂ ಬಿಗಿ: ಹೊಗೆ ಶುಚಿಮಾಡಲು ಬೇರೆ ಟ್ಯಾಂಕಿನಲ್ಲಿ ತುಂಬುವ ಈ ಯೂರಿಯಾ ದ್ರಾವಣ ಮುಗಿದರೆ ಅಥವಾ ಅದರ ಸೆನ್ಸರ್ ಕೆಟ್ಟರೆ ಪರದೆಯ ಮೇಲೆ ಕಿಲೋಮೀಟರ್ ಎಣಿಕೆ ಇಳಿಯುತ್ತ ಬಂದು, ಸೊನ್ನೆಯಾದ ಮೇಲೆ ಒಮ್ಮೆ ನಿಲ್ಲಿಸಿದರೆ ಎಂಜಿನ್ ಮತ್ತೆ ಹೊತ್ತುವುದಿಲ್ಲ. ಮೈನಸ್ 11 ಡಿಗ್ರಿಗೆ ಅದು ಹೆಪ್ಪುಗಟ್ಟುತ್ತದೆ ಕೂಡ.

ಹಾಗೆಂದು ಎಲ್ಲರೂ ಹಳೆಯ ಎಂಜಿನ್ನಿಗೆ ಓಡಬೇಕಾಗಿಲ್ಲ. ಮೊರಾಕೊ, ಟರ್ಕಿಗೆ ಯೂರೊ 6 ನಡೆಯುತ್ತದೆ. ಪಾಮಿರ್ ಹಳ್ಳಿಗಳಲ್ಲಿ ಬಕೆಟ್ಟಿನಲ್ಲಿ ಅಳೆದು ಆಲಿಕೆಯಿಂದ ಡೀಸೆಲ್ ಹುಯ್ಯುವ ಕಡೆಗೆ ಹೋಗುವವರು ಆಡ್‌ಬ್ಲೂ ಇಲ್ಲದ ಯೂರೊ 4 ಅಥವಾ 5 ಗಾಡಿ ಹುಡುಕುವುದು ಮೇಲು. ಯೂರೊ 4 ಡೀಸೆಲ್ಲಿಗೆ ಜರ್ಮನಿಯ ನಗರಗಳೊಳಗೆ ಬಿಡುವ ಹಸಿರು ಸ್ಟಿಕ್ಕರ್ ಸಿಗುತ್ತದೆ. ಯಾವ ಎಂಜಿನ್ ಆದರೂ ಇವಿಷ್ಟು ಜೊತೆಗಿರಲಿ: ಎರಡು ಡೀಸೆಲ್ ಫಿಲ್ಟರ್, ನೀರು ಬೇರ್ಪಡಿಸುವ ಫಿಲ್ಟರ್, ಜರಡಿ ಇರುವ ಆಲಿಕೆ, ದೋಷದ ಕೋಡ್ ಓದುವ ಓಬಿಡಿ ಉಪಕರಣ.

ಟ್ಯಾಂಕಿನ ಲೆಕ್ಕ ಸರಳ. 75 ಲೀಟರಿಗೆ, ನೂರಕ್ಕೆ 12 ಲೀಟರಿನಂತೆ ಡಾಂಬರಿನಲ್ಲಿ 625 ಕಿ.ಮೀ.; ಏರುಜಲ್ಲಿಯಲ್ಲಿ 15 ಕುಡಿದರೆ 500. ಹಂತ 1ರಲ್ಲಿ ಬರೆದ ಅತಿ ಉದ್ದದ ಅಂತರದ ಒಂದೂವರೆ ಪಟ್ಟು ಬರಬೇಕು.

## ಹಂತ 5: ಚಾಸಿಯ ಮೇಲಿನ ಬಾಡಿ

ಚಾಸಿ ತಿರುಚುತ್ತದೆ, ಬಾಡಿ ತಿರುಚುವುದಿಲ್ಲ. ಜಲ್ಲಿ ರಸ್ತೆಯ ಎಲ್ಲ ಸೋರಿಕೆ, ಎಲ್ಲ ಬಿರುಕಿನ ಮೂಲ ಇದೊಂದೇ.

ಪ್ಯಾನೆಲ್ ವ್ಯಾನಿನಲ್ಲಿ ಕಾರ್ಖಾನೆಯ ಉಕ್ಕಿನ ಕವಚವೇ ಬಾಡಿ, ಕೀಲುಗಳಿಲ್ಲ. ಅದಕ್ಕೇ ಅದು ಹೆಚ್ಚು ತಾಳುತ್ತದೆ. ಇಬ್ಬರೇ ಹೋಗುವುದಾದರೆ ಆರು ಮೀಟರಿನ ಪ್ಯಾನೆಲ್ ವ್ಯಾನ್ ಮೊದಲ ಆಯ್ಕೆಯಾಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಲವು ಹಡಗುಗಳ ದರವೂ ಆರು ಮೀಟರ್ ದಾಟಿದ ಕೂಡಲೇ ಏರುತ್ತದೆ. ಇದರ ಕೊರತೆ ಚಳಿ ಮತ್ತು ಇಕ್ಕಟ್ಟು.

ಕಟ್ಟಿದ ಬಾಡಿಯಲ್ಲಿ ಗೋಡೆಯೊಳಗೆ ಏನಿದೆ ಎಂದು ಕೇಳಿ. ಮರದ ರೀಪು, ಥರ್ಮಾಕೋಲ್ ಥರದ ಫೋಮು, ಹೊರಗೆ ಅಲ್ಯೂಮಿನಿಯಂ ತಗಡು ಎಂಬುದು ಹಳೆಯ, ಅಗ್ಗದ ಪದ್ಧತಿ. ಒಂದು ಸೀಲು ಬಿಟ್ಟರೆ ಮರ ಸದ್ದಿಲ್ಲದೆ ಕೊಳೆಯುತ್ತದೆ. ಮರವಿಲ್ಲದ ಫೈಬರ್‌ಗ್ಲಾಸ್ ಸ್ಯಾಂಡ್‌ವಿಚ್ ಗೋಡೆ ದುಬಾರಿ, ದೂರಕ್ಕೆ ಅದೇ ಸರಿ. ಲಾರಿ ಚಾಸಿಯ ಗಾಡಿಯಾದರೆ ಬಾಡಿಯನ್ನು ಮೂರು ಅಥವಾ ನಾಲ್ಕು ಬಿಂದುಗಳಲ್ಲಿ ಹೊರಳಲು ಬಿಟ್ಟು ಕೂರಿಸಿರುವ ಉಪಚೌಕಟ್ಟು ಇರಬೇಕು. ಬೋಲ್ಟು ಹಾಕಿ ಬಿಗಿಯಾಗಿ ಕೂರಿಸಿದ್ದರೆ ಬಿಟ್ಟುಬಿಡಿ. ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡ ಬಾಡಿಯಲ್ಲಿ ಆ ಮುಂಚಾಚಿನ ಕೆಳಗಿನ ಮೂಲೆಯೇ ಮೊದಲು ನೀರು ಕುಡಿಯುವ ಜಾಗ.

## ಹಂತ 6: ಒಳಗಿನ ವ್ಯವಸ್ಥೆ

ಗ್ಯಾಸ್. ಸಿಲಿಂಡರಿನ ತಿರುಪು ದೇಶಕ್ಕೊಂದು ಥರ, ಅಡಾಪ್ಟರುಗಳ ಒಂದು ಕಟ್ಟೇ ಬೇಕು. ಮೊರಾಕೊದಲ್ಲಿ ಮನೆಮನೆಗೂ ಬ್ಯೂಟೇನ್. ಸೊನ್ನೆ ಡಿಗ್ರಿಯ ಹತ್ತಿರ ಅದು ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಅಟ್ಲಾಸ್ ಬೆಟ್ಟದ ಚಳಿಗಾಲಕ್ಕೆ ಪ್ರೊಪೇನ್ ತುಂಬಿಸಿಕೊಂಡೇ ಹೋಗಿ.

ಕಾಯಿಸುವುದು. ಡೀಸೆಲ್ ಹೀಟರ್ ಒಳ್ಳೆಯ ಆಯ್ಕೆ. ಆದರೆ 1500 ಮೀಟರ್ ದಾಟಿದ ಮೇಲೆ ತೆಳು ಗಾಳಿಯಲ್ಲಿ ಮಸಿ ಕಟ್ಟುತ್ತದೆ. ಎತ್ತರಕ್ಕೆ ತಕ್ಕಂತೆ ಡೀಸೆಲ್ ತಗ್ಗಿಸುವ ಕಿಟ್ ಇದೆಯೇ ಕೇಳಿ.

ಫ್ರಿಜ್. ಗ್ಯಾಸಿನಲ್ಲಿ ಓಡುವ ಫ್ರಿಜ್‌ಗೆ ಗಾಡಿ ಮಟ್ಟವಾಗಿ ನಿಲ್ಲಬೇಕು, ಎತ್ತರದಲ್ಲಿ ಉರಿ ಹೊತ್ತಲು ತಕರಾರು. 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಎಲ್ಲೆಡೆ ಓಡುತ್ತದೆ, ದಿನಕ್ಕೆ 35ರಿಂದ 50 ಆಂಪಿಯರ್-ಅವರ್ ತಿನ್ನುತ್ತದೆ. ನಾವು ಎರಡನೆಯದನ್ನೇ ಆರಿಸುತ್ತೇವೆ.

ವಿದ್ಯುತ್. ಹೊಸ ಗಾಡಿಗಳ ಆಲ್ಟರ್ನೇಟರ್ ಮುಖ್ಯ ಬ್ಯಾಟರಿ ತುಂಬಿದ ಕೂಡಲೇ ವೋಲ್ಟೇಜ್ ಇಳಿಸುತ್ತದೆ, ಮನೆಬಳಕೆಯ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ನಡುವೆ ವೋಲ್ಟೇಜ್ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. 30 ಆಂಪಿಯರಿನದು ನಾಲ್ಕು ಗಂಟೆ ಓಡಿಸಿದರೆ 120 ಆಂಪಿಯರ್-ಅವರ್ ತುಂಬುತ್ತದೆ. ಲಿಥಿಯಂ ಬ್ಯಾಟರಿಗೆ ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹಾಗಾಗಿ ಅದು ಕಾಯಿಸುವ ಜಾಗದ ಒಳಗಿರಬೇಕು. ಇಂಡಕ್ಷನ್ ಒಲೆಯ ಆಸೆಯಿದ್ದರೆ ಲೆಕ್ಕ ಹಾಕಿ: 1500 ವಾಟ್ ಎಂದರೆ ಬ್ಯಾಟರಿಯಿಂದ 130 ಆಂಪಿಯರ್ ಹತ್ತಿರ, ಇಪ್ಪತ್ತು ನಿಮಿಷದ ಅಡುಗೆಗೆ 43 ಆಂಪಿಯರ್-ಅವರ್. ಅಂದಹಾಗೆ 4000 ಮೀಟರಿನಲ್ಲಿ ನೀರು 87 ಡಿಗ್ರಿಗೇ ಕುದಿಯುತ್ತದೆ. ಅನ್ನ, ಬೇಳೆ ಬೇಯಬೇಕಾದರೆ ಮೂರು ಲೀಟರಿನ ಕುಕ್ಕರ್ ಹಂತ 2ರ ಸಾಮಾನಿನ ಪಟ್ಟಿಯಲ್ಲಿ ಮೊದಲು ಸೇರಲಿ.

ನೀರು. ಬಿಗಿಯಾಗಿ ಬಳಸಿದರೆ ಒಬ್ಬರಿಗೆ ದಿನಕ್ಕೆ 10 ಲೀಟರ್. 100 ಲೀಟರ್ ಇಬ್ಬರಿಗೆ ಐದು ದಿನ. ಟ್ಯಾಂಕ್ ತಳದ ಹೊರಗೆ ತೂಗುತ್ತಿದ್ದರೆ ಹಿಮದಲ್ಲಿ ಹೆಪ್ಪು, ಜಲ್ಲಿಯಲ್ಲಿ ತೂತು.

## ಹಂತ 7: ನೋಡಲು ಹೋಗುವ ದಿನ

ಬೇಕಾದ ಸಾಮಾನು: ತೇವ ಅಳೆಯುವ ಮೀಟರ್, ಟಾರ್ಚ್, ಮಲಗಲು ಹಳೆಯ ಚಾಪೆ, ಟೇಪು, ಅಯಸ್ಕಾಂತ, ಮಲ್ಟಿಮೀಟರ್, ಓಬಿಡಿ ಉಪಕರಣ, ಸೋಪುನೀರಿನ ಸ್ಪ್ರೇ, ಗಾಡಿ ಮಟ್ಟ ಮಾಡುವ ಎರಡು ಪ್ಲಾಸ್ಟಿಕ್ ಏರುಹಲಗೆ.

ಹಿಂದಿನ ದಿನ ಮಾರುವವರಿಗೆ ಎರಡು ಮಾತು ಹೇಳಿ: ಬೆಳಗ್ಗೆ ಎಂಜಿನ್ ಹೊತ್ತಿಸಬೇಡಿ, ಫ್ರಿಜ್ ರಾತ್ರಿಯೇ ಆನ್ ಮಾಡಿ. ಮೊದಲನೆಯದನ್ನು ಮರೆತು ಬಾನೆಟ್ ಬಿಸಿಯಿದ್ದರೆ ತಣ್ಣನೆಯ ಎಂಜಿನ್ ಹೊತ್ತುವಲ್ಲಿ ಏನೋ ಮುಚ್ಚಿಡುತ್ತಿದ್ದಾರೆಂದೇ ತಿಳಿಯಿರಿ.

1. ತಳ. ಮೊದಲು ಚಾಪೆ ಹಾಸಿ ಮಲಗಿ. ಚಾಸಿಯ ಬೆಸುಗೆಯ ಜಾಗ, ಕಮಾನ್‌ಪಟ್ಟಿ, ಶಾಕ್ ಅಬ್ಸಾರ್ಬರ್ ಎಣ್ಣೆ, ಬ್ರೇಕ್ ಕೊಳವೆ ನೋಡಿ. ಹೊಸದಾಗಿ ಕಪ್ಪು ಬಳಿದಿದ್ದರೆ ಅದರ ಕೆಳಗೆ ತುಕ್ಕು ಇರಬಹುದು, ಚೂಪಾದದ್ದರಿಂದ ಒತ್ತಿ ನೋಡಿ. 2006ಕ್ಕೆ ಮುಂಚಿನ ಮೊದಲ ಪೀಳಿಗೆಯ ಸ್ಪ್ರಿಂಟರ್‌ಗಳಿಗೆ ತುಕ್ಕು ಹುಟ್ಟುರೋಗ. ಉಕ್ಕಿನ ಭಾಗದಲ್ಲಿ ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿ ಮೆತ್ತಿದೆ ಎಂದರ್ಥ.
2. ತೇವ. ಕಿಟಕಿಯ ಕೆಳಮೂಲೆ, ಚಾವಣಿ ಕಿಂಡಿಯ ಸುತ್ತ, ಹಿಂದಿನ ದೀಪಗಳ ಒಳಬದಿ, ಗ್ಯಾರೇಜಿನ ಮೂಲೆ, ಬಚ್ಚಲ ನೆಲ, ಹೀಗೆ ಕನಿಷ್ಠ ಮೂವತ್ತು ಕಡೆ ಮೀಟರ್ ಇಡಿ. ಶೇ. 15ರ ಒಳಗೆ ಸರಿ, 15–20 ಅನುಮಾನ, 20 ದಾಟಿದರೆ ನಮಸ್ಕಾರ ಹೇಳಿ ಹೊರಡಿ. ಬೂಷ್ಟು ವಾಸನೆ, ಉಬ್ಬಿದ ಗೋಡೆ, ತುಕ್ಕು ಹಿಡಿದ ಸ್ಕ್ರೂ, ಒಂದೇ ಕಡೆ ಹೊಸ ಸೀಲು ಇವೆಲ್ಲ ಒಂದೇ ಮಾತು ಹೇಳುತ್ತವೆ. ವರ್ಷವರ್ಷದ ಸೋರಿಕೆ ತಪಾಸಣೆಯ ಮುದ್ರೆ ಕೇಳಿ.
3. ತಿರುಚು ಪರೀಕ್ಷೆ. ಎಡ ಮುಂಚಕ್ರ ಒಂದು ಏರುಹಲಗೆಯ ಮೇಲೆ, ಬಲ ಹಿಂಚಕ್ರ ಇನ್ನೊಂದರ ಮೇಲೆ. ಈಗ ಪ್ರತಿ ಬಾಗಿಲು, ಕಿಟಕಿ, ಲಾಕರ್ ತೆರೆದು ಮುಚ್ಚಿ. ಪ್ರವೇಶದ ಬಾಗಿಲು ಹಿಡಿದರೆ, ಬಚ್ಚಲ ಟ್ರೇ ಕಿರುಗುಟ್ಟಿದರೆ, ಈ ಬಾಡಿ ಅಲೆ ರಸ್ತೆಯಲ್ಲಿ ಸಾವಿರ ಕಿಲೋಮೀಟರ್ ತಾಳದು. ಐದು ನಿಮಿಷದ ಕೆಲಸ. ಕೊಳ್ಳುವವರಲ್ಲಿ ಬಹುತೇಕರು ಮಾಡುವುದಿಲ್ಲ.
4. ತಣ್ಣನೆಯ ಎಂಜಿನ್, ಓಡಿಸಿ ನೋಡುವುದು. ಕನಿಷ್ಠ 40 ನಿಮಿಷ, ಒಂದು ಏರು, ಒಂದು ಹಾಳು ರಸ್ತೆ. 2006ರ ನಂತರದ ಆರಂಭದ ಡುಕಾಟೊಗಳನ್ನು ಏರಿನಲ್ಲಿ ಹಿಂದಕ್ಕೆ ಓಡಿಸಿ: ರಿವರ್ಸ್ ಗೇರಿನಲ್ಲಿ ಗಾಡಿ ತಡಬಡಿಸಿ ನಡುಗುವುದು ಅವುಗಳ ಪ್ರಸಿದ್ಧ ದೋಷ. ಮುಂಗಾಜಿನ ಕೆಳಗಿನಿಂದ ಮಳೆನೀರು ಇಂಜೆಕ್ಟರುಗಳ ಮೇಲೆ ತೊಟ್ಟಿಕ್ಕಿದ ತುಕ್ಕಿನ ಗುರುತನ್ನೂ ಬಾನೆಟ್ ತೆಗೆದು ಹುಡುಕಿ.
5. ಉಪಕರಣಗಳು. ಫ್ರಿಜ್, ಹೀಟರ್, ಪಂಪು ಎಲ್ಲ ಆನ್ ಮಾಡಿಸಿ. ಗ್ಯಾಸ್ ಕೀಲುಗಳಿಗೆ ಸೋಪುನೀರು ಹೊಡೆದು ಗುಳ್ಳೆ ನೋಡಿ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆಯ ಪುಸ್ತಕವಿರಬೇಕು.
6. ವೇಬ್ರಿಡ್ಜ್. ಒಟ್ಟು ತೂಕ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಮೂರು ಚೀಟಿ. ತೂಗಿಸಲು ಒಪ್ಪದ ಮಾರಾಟಗಾರ ಉತ್ತರ ಕೊಟ್ಟ ಹಾಗೆಯೇ.

## ಹಂತ 8: ಕಾಗದಪತ್ರ

ಆರ್‌ಸಿಯ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಬೆರೆತ ನಮ್ಮ ಹೆಸರುಗಳಲ್ಲಿ ಇದು ಗಡಿಯಲ್ಲಿ ಗಂಟೆಗಟ್ಟಲೆ ಕೂರಿಸುತ್ತದೆ. ನೋಂದಣಿಯ ದಿನವೇ ಸರಿಪಡಿಸಿಕೊಳ್ಳಿ. ವಿಮೆಯ ಗ್ರೀನ್ ಕಾರ್ಡಿನಲ್ಲಿ ಹೋಗುವ ದೇಶದ ಅಕ್ಷರ (ಮೊರಾಕೊಗೆ ಎಂಎ) ಹೊಡೆದುಹಾಕಿಲ್ಲವೇ ನೋಡಿ. ಮಧ್ಯ ಏಷ್ಯಾಗೆ, ಮೊರಾಕೊಗೆ ಕಾರ್ನೆ (ಆಮದು ಸುಂಕ ಕಟ್ಟದೆ ಗಾಡಿಯನ್ನು ತಾತ್ಕಾಲಿಕವಾಗಿ ಒಳತರುವ ಪತ್ರ) ಬೇಡ. ಇರಾನ್, ಪಾಕಿಸ್ತಾನ, ಭಾರತಕ್ಕೆ ಬೇಕು. ಜರ್ಮನಿಯಲ್ಲಿ ಅದನ್ನು ವಾಹನ ಸವಾರರ ಸಂಘವಾದ ಎಡಿಎಸಿ ಕೊಡುತ್ತದೆ, ಭದ್ರತಾ ಠೇವಣಿ ಇಡಬೇಕು. ಅದೇ ಗಾಡಿಯಲ್ಲಿ ಊರಿಗೆ ಬರುವ ಕನಸಿದ್ದವರು ಚೀನಾ ದಾರಿ ಹಿಡಿದರೆ ಅಲ್ಲಿ ಮಾರ್ಗದರ್ಶಿ ಜೊತೆಗಿರುವುದು ಕಡ್ಡಾಯ, ಅದರ ಖರ್ಚನ್ನೂ ಸೇರಿಸಿ.

## ಹಂತ 9: ಹೊರಡುವ ಮುಂಚಿನ ಕುಲುಕಾಟ

ಕೊಂಡ ಮೇಲೆ, ದೂರ ಹೋಗುವ ಮೊದಲು, ಪೂರ್ತಿ ತುಂಬಿದ ಗಾಡಿಯಲ್ಲಿ ಮೂರು ರಾತ್ರಿ ಮತ್ತು 100 ಕಿಲೋಮೀಟರ್ ಜಲ್ಲಿ. ಸ್ವೀಡನ್, ಫಿನ್‌ಲ್ಯಾಂಡಿನ ಕಾಡಿನ ರಸ್ತೆಗಳು ಇದಕ್ಕೆ ಚೆನ್ನ, ಬಿಡಿಭಾಗವೂ ಗ್ಯಾರೇಜೂ ಹತ್ತಿರವೇ ಇರುತ್ತವೆ. ಹೊರಡುವಾಗ ಮತ್ತೊಮ್ಮೆ ತೂಗಿಸಿ, ಚಕ್ರ ಬದಲಿಸಿದ್ದರೆ 50 ಕಿಲೋಮೀಟರಿಗೆ ನಟ್ಟು ಬಿಗಿಸಿ.

ಪ್ರತಿ ಸಂಜೆ ನೆಲ ಗುಡಿಸಿ. ಗುಡಿಸಿದ್ದರಲ್ಲಿ ಸಿಕ್ಕ ಸ್ಕ್ರೂ, ಪ್ಲಾಸ್ಟಿಕ್ ಚೂರು, ಮರದ ಪುಡಿ ಎಲ್ಲಿಂದ ಬಿತ್ತೆಂದು ಹುಡುಕಿ ಗುರುತು ಹಾಕಿ. ಲಾಕರ್ ಕೀಲು ಸಡಿಲವಾದರೆ ದೊಡ್ಡ ಸ್ಕ್ರೂ ಬೇಡ, ಅಂಟು ಹಾಕಿ ಆಚೆ ಬದಿಯಿಂದ ನಟ್ಟು-ಬೋಲ್ಟು ಹಾಕಿ. ಮಂಚದ ಕೆಳಗಿನ ನೀರಿನ ಕೊಳವೆ ಮರಕ್ಕೆ ಉಜ್ಜಿದ ಕಡೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ. ವಾಪಸು ಬಂದ ದಿನ ತೇವದ ಮೀಟರನ್ನು ಅದೇ ಮೂವತ್ತು ಜಾಗದಲ್ಲಿ ಮತ್ತೆ ಇಟ್ಟು, ಕೊಳ್ಳುವ ದಿನ ಬರೆದುಕೊಂಡ ಅಂಕಿಯ ಪಕ್ಕ ಬರೆಯಿರಿ. ಎರಡು ಅಂಕಿಯಷ್ಟು ತೇವ ಏರಿದ ಮೂಲೆಯ ಸೀಲನ್ನು ಆ ವಾರವೇ ಬಿಚ್ಚಿಸಿ ಹೊಸದು ಹಾಕಿಸಿ. ವೀಸಾ ಅರ್ಜಿ ಅದಾದ ಮೇಲೆ.